ಗೌರಿಯ ಕಾಲಡಿಯ ಚಾಕು

ಇದೊಂದನ್ನು ಬಿಟ್ಟು ಬರೆಯೋಣ ಅಂದುಕೊಂಡಿದ್ದೆ. ಸೋಲೂರಿನ ಕ್ಯಾಂಪಿನಲ್ಲಿ ನಾನು ಗಾಬರಿಯಾಗಲೇ ಇಲ್ಲ ಎಂಬ ಸುದ್ದಿ ಬೇರೆ ಊರುಗಳಲ್ಲಿ ಗೈಡ್ ದಳ ನಡೆಸುವ ನಿಮಗೆಲ್ಲ ಮುಟ್ಟಿದೆಯಂತೆ.

ನಿಜವಾಗಿ ನಾನು ಕೂಗಲು ಬಾಯಿ ತೆರೆದಿದ್ದೆ. ಸ್ವರ ಹೊರಡಲಿಲ್ಲ, ಅಷ್ಟೆ.

ಅಂದು ಗೈಡ್ ಮಕ್ಕಳಿಗೆ ಚಾಕುವಿನ ಮೊದಲ ಪಾಠ. ಮಡಿಸುವ ಚಾಕುವಿನಿಂದ ಡೇರೆಯ ಗೂಟ ಚೂಪು ಮಾಡಬೇಕು. ಇಂಗ್ಲಿಷ್ ಪುಸ್ತಕದಲ್ಲಿದ್ದದ್ದನ್ನೇ ಕನ್ನಡದಲ್ಲಿ ಹೇಳಿದ್ದೆ: ಚಾಕು ನಿಮ್ಮ ಕಡೆಗೆ ಬರಕೂಡದು.

ಎಲ್ಲರೂ ಬಾಯಿಪಾಠ ಒಪ್ಪಿಸಿದರು. ನನಗೂ ಸಮಾಧಾನವಾಯಿತು.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಹುಡುಗಿಯರ ನಗು. "ಲೇ ಗೌರಿ, ಏನೇ ಅದು, ಹುಳಿಗೆ ಹೆಚ್ತಾ ಇದ್ದೀಯಾ?"

ಗೌರಿ ಪೇಟೆಯ ರಾಗಿ ಮಂಡಿಯವರ ಮಗಳು. ಮೈಸೂರು ಕಡೆಯ ಮನೆ, ಹುಟ್ಟಿದಾಗಿನಿಂದ ಈಳಿಗೆ ಮಣೆ ನೋಡಿದವಳು.

ತಿರುಗಿ ನೋಡುತ್ತೇನೆ... ಚಾಕುವನ್ನು ಅರ್ಧ ಮಾತ್ರ ಬಿಚ್ಚಿ, ಹಿಡಿಯನ್ನು ಬರಿಗಾಲಲ್ಲಿ ಮೆಟ್ಟಿ ಕೂತಿದ್ದಾಳೆ. ಅಲಗು ಈಳಿಗೆಯ ಹಾಗೆ ನೆಟ್ಟಗೆ ಅವಳ ಕಡೆಗೆ ನಿಂತಿದೆ. ಎರಡೂ ಕೈಯಲ್ಲಿ ಗೂಟ ಹಿಡಿದು ಅದಕ್ಕೆ ಒತ್ತುತ್ತಿದ್ದಾಳೆ.

ಈಳಿಗೆಯ ಅಲಗು ಮಣೆಗೆ ಭದ್ರವಾಗಿರುತ್ತದೆ. ಇದು ಮಡಿಸುವ ಚಾಕು. ಗೂಟ ಒಮ್ಮೆ ತಪ್ಪಿ ಅಲಗಿನ ಬೆನ್ನಿಗೆ ತಗುಲಿದರೆ ಸಾಕು, ಅದು ಅವಳ ಕಾಲ್ಬೆರಳುಗಳ ಮೇಲೇ ಮಡಚಿಕೊಳ್ಳುತ್ತದೆ.

ನನ್ನ ಸ್ವರ ನಿಂತದ್ದು ಆಗಲೇ. ಕೂಗಿದ್ದರೆ ಅವಳು ಬೆಚ್ಚಿ ಕಾಲು ಎಳೆಯುತ್ತಿದ್ದಳು.

ಹೋಗಿ ಅವಳೆದುರು ಒದ್ದೆ ಹುಲ್ಲಿನ ಮೇಲೆ ಕೂತೆ. ಮೊದಲು ಕಾಲು ಬಿಡಿಸುವುದೋ, ಕೈ ಬಿಡಿಸುವುದೋ... ಪುಸ್ತಕದಲ್ಲಿ ಇದೆಲ್ಲ ಇರಲಿಲ್ಲ.

"ಗೂಟ ಇಲ್ಲಿ ಕೊಡಮ್ಮ," ಅಂದೆ. ಪಿಸುಮಾತಾಗಿ ಬಂತು. ಕೊಟ್ಟಳು.

"ಕಾಲು ಹಾಗೇ ಇರಲಿ. ಅಲುಗಾಡಿಸಬೇಡ."

ಅಲಗಿನ ಬೆನ್ನನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕಡೆಗೆ ಎಳೆಯುತ್ತೇನೆ. ಸ್ಪ್ರಿಂಗ್ ಬಿಗಿ. ಬೆರಳು ಬೆವರಿ ಜಾರುತ್ತಿದೆ. ಒಮ್ಮೆ ಅವಳ ಕಡೆಗೇ ವಾಲಿತು. ಮತ್ತೆ ಹಿಡಿದೆ. ಕಡೆಗೆ ಟಕ್ ಎಂದು ಪೂರ್ತಿ ಬಿಚ್ಚಿಕೊಂಡು ನೆಲಕ್ಕೆ ಮಲಗಿತು.

"ಈಗ ಕಾಲು ತೆಗಿ."

ತೆಗೆದಳು. ಐದು ಬೆರಳೂ ಇದ್ದವು. ಹೆಬ್ಬೆರಳ ಮೇಲೆ ಗೀಚು ಕೂಡ ಇಲ್ಲ.

ಗೌರಿಗೆ ಮಾತ್ರ ಬೇಸರ. "ನೀವು ಹೇಳಿದ ಹಾಗೇ ಮಾಡ್ದೆ ಟೀಚರಮ್ಮ. ಚಾಕು ನನ್ನ ಕಡೆ ಬರಲೇ ಇಲ್ವಲ್ಲ. ಗೂಟ ತಾನೇ ಹೋಗ್ತಾ ಇದ್ದಿದ್ದು?"

ಚಾಕು ಮಡಿಸಿ ನನ್ನ ಕೈಯಲ್ಲೇ ಇಟ್ಟುಕೊಂಡೆ. ಕೂಗದೆ ಇದ್ದದ್ದು ವಿವೇಕವೋ, ಬರೀ ಭಯವೋ, ಈವರೆಗೆ ತಿಳಿದಿಲ್ಲ.

ನಿಮ್ಮ ಮಕ್ಕಳೂ ಈಳಿಗೆಯ ಮುಂದೆ ಬೆಳೆದವರೇ. ಪಾಠ ಶುರು ಮಾಡುವ ಮುಂಚೆ, ಮನೆಯಲ್ಲಿ ತರಕಾರಿ ಹೆಚ್ಚುವುದು ಹೇಗೆಂದು ಅವರಿಂದ ಮಾಡಿಸಿ ನೋಡಿ. ಚಾಕು ಆಮೇಲೆ ಕೊಡಿ.

ಹದಿನೈದಕ್ಕೆ ನಿಮ್ಮಲ್ಲಿ ಚಾಕುವಿನ ಪಾಠವೆಂದು ಕೇಳಿದೆ. ಅದಕ್ಕೆ ಮೊದಲೇ ಇದು ಕೈ ಸೇರಬೇಕು. ನಾಳೆ, ಏಪ್ರಿಲ್ ಹನ್ನೊಂದರ ಬೆಳಗಿನ ಟಪಾಲಿಗೆ ಹಾಕುತ್ತೇನೆ.