ಮಕ್ತುಮ ಕಾಕಾ ತುಂಬಿದ ಮೂರು ಗುಳಿಗಳು

ಮೊಬೈಲನ್ನು ಕೈಗೆ ಕೊಟ್ಟರೆ ಮಕ್ತುಮ ಕಾಕಾ ಮೊದಲು ಕಣ್ಣು ಮುಚ್ಚುತ್ತಿದ್ದರು. ಮುಚ್ಚಿಕೊಂಡೇ ಅದರ ಬೆನ್ನು, ಅಂಚು, ಮೂಲೆಗಳ ಮೇಲೆಲ್ಲ ಹೆಬ್ಬೆರಳು ಆಡಿಸುತ್ತಿದ್ದರು. ಬಣ್ಣ ಹೊಡೆಸಲು ಬಂದ ಕಾಲೇಜು ಹುಡುಗರು "ಕಾಕಾ, ಮೊಬೈಲ್ ಐತಿ, ಮಾವಿನಹಣ್ಣಲ್ಲ" ಎಂದು ನಗುತ್ತಿದ್ದರು. ಕಾಕಾ ನಗುತ್ತಿರಲಿಲ್ಲ. ಬೆರಳಿಗೆ ಸಿಕ್ಕ ಗೀರನ್ನು ತೋರಿಸಿ, "ಇದು ಇರಲ್ಯೋ, ತೆಗೀಲ್ಯೋ?" ಎಂದು ಕೇಳುತ್ತಿದ್ದರು. ಗೀರು ಮುಚ್ಚಿಸಲೆಂದೇ ಬಂದವರನ್ನು ಹೀಗೆ ಕೇಳುವುದು ಹುಚ್ಚುತನವೆಂದು ಎಲ್ಲರಿಗೂ ಅನಿಸುತ್ತಿತ್ತು. ನನಗೆ ಹಾಗೆ ಅನಿಸುತ್ತಿರಲಿಲ್ಲ. ಅವರಿಗೆ ಆ ಚಟ ಹತ್ತಿದ್ದು ನನ್ನಿಂದ.

ಯರಗಟ್ಟಿಯಲ್ಲಿ ಸವದತ್ತಿ ರಸ್ತೆಯ ಮೇಲೆ, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರ ತಗಡಿನ ಶೆಡ್ಡು ಇತ್ತು. ಟ್ರ್ಯಾಕ್ಟರಿಗೆ, ಮೋಟಾರ್ ಸೈಕಲ್ಲಿಗೆ ಬಣ್ಣ ಹೊಡೆಯುವುದು ಅವರ ಕಸುಬು. ಧೂಳು ಏಳಬಾರದೆಂದು ನೆಲಕ್ಕೆ ನೀರು ಚಿಮುಕಿಸಿ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು ನಿಲ್ಲುತ್ತಿದ್ದರು. ಹುಬ್ಬು ಮಾತ್ರ ಹೊರಗೆ ಉಳಿಯುತ್ತಿತ್ತು. ಸಂಜೆ ಅವರ ಹುಬ್ಬು ನೋಡಿದರೆ ಆ ದಿನ ಯಾವ ಬಣ್ಣದ ಗಾಡಿ ಬಂದಿತ್ತೆಂದು ಊರಿಗೆಲ್ಲ ತಿಳಿಯುತ್ತಿತ್ತು.

ಗುಂಡಿ ಒತ್ತುವ ಮೊಬೈಲುಗಳು ಊರಿಗೆ ಬಂದು, ಅವುಗಳ ಬಣ್ಣ ಹೋಗಲು ಶುರುವಾದಾಗ ಹುಡುಗರು ಕಾಕಾನ ಬೆನ್ನು ಹತ್ತಿದರು. ಕಾಕಾ ಸ್ಕ್ರೂ ಬಿಚ್ಚಿ, ಮೇಲಿನ ಕವಚವನ್ನು ಬೇರೆ ಮಾಡಿ, ಬಟ್ಟೆ ಒಣಹಾಕುವ ಚಿಮಟಿಯಿಂದ ತಂತಿಗೆ ನೇತುಹಾಕಿ ಸ್ಪ್ರೇ ಹೊಡೆಯುತ್ತಿದ್ದರು. ಒಮ್ಮೆ ಇಬ್ಬರ ನವಿಲುಬಣ್ಣದ ಕವಚಗಳು ಅದಲುಬದಲಾದವು. ಜಗಳಕ್ಕೆ ಬಂದವರಿಗೆ ಕಾಕಾ, "ಎರಡೂ ನನ್ನ ಮಕ್ಕಳ ಅದಾವು, ಯಾವ್ದರ ಒಯ್ರಿ" ಎಂದು ಹೇಳಿ ಕಳಿಸಿದರು. ಆಗಿನ್ನೂ ಅವರು ಕಣ್ಣು ಮುಚ್ಚುತ್ತಿರಲಿಲ್ಲ. "ನನ್ನ ಕೈ ಹಾಯ್ದ ಮ್ಯಾಲೆ ಗೀರು ಉಳಿಯೂದಿಲ್ಲ" ಎಂಬುದು ಅವರ ಹೆಮ್ಮೆಯ ಮಾತಾಗಿತ್ತು.

ನನ್ನ ಅಪ್ಪ ಮನೋಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದವರು. ನಿವೃತ್ತಿಯ ಹೊತ್ತಿಗೆ ಅವರ ಕಣ್ಣು ಪೂರ್ತಿ ಹೋಗಿತ್ತು. ಅಂಗೈಯಗಲದ ಒಂದು ರೇಡಿಯೋ ಅವರ ಜೊತೆಗಾರ. ಅದರ ಪಕ್ಕದಲ್ಲಿ ಸ್ಟೇಷನ್ ಬದಲಿಸುವ ಪುಟ್ಟ ಗಾಲಿ ಇತ್ತು. ಅವ್ವ ದಬ್ಬಣ ಕಾಸಿ ಆ ಗಾಲಿಯ ಅಂಚಿಗೆ ಮೂರು ಕಡೆ ಗುಳಿ ಒತ್ತಿಕೊಟ್ಟಿದ್ದಳು. ಒಂದು ಗುಳಿ ಹೆಬ್ಬೆರಳಿನಡಿ ಬಂದರೆ ಧಾರವಾಡ, ಇನ್ನೊಂದಕ್ಕೆ ಸಾಂಗಲಿ, ಮತ್ತೊಂದಕ್ಕೆ ಬೆಂಗಳೂರು. ಅವ್ವ ತೀರಿಕೊಂಡ ಮೇಲೆ, ರೇಡಿಯೋ ಬಂದ್ ಇದ್ದಾಗಲೂ ಅಪ್ಪನ ಬೆರಳು ಆ ಗಾಲಿಯ ಮೇಲೆಯೇ ಇರುತ್ತಿತ್ತು. ಕೈಗೆ ಕೆಲಸವಿಲ್ಲದವರ ಅಭ್ಯಾಸ ಎಂದುಕೊಂಡಿದ್ದೆ.

ಆಗ ನನ್ನನ್ನು ನೋಡಲು ಸವದತ್ತಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಗೋಡೆಗೆ ಸುಣ್ಣವಾಗಿತ್ತು, ಬಾಗಿಲಿಗೆ ಹೊಸ ಪರದೆ ಬಂದಿತ್ತು. ಅಪ್ಪನ ಕೈಯಲ್ಲಿದ್ದ ಹಳದಿಗಟ್ಟಿದ ರೇಡಿಯೋ ಮಾತ್ರ ನನ್ನ ಕಣ್ಣಿಗೆ ಚುಚ್ಚಿದಂತೆ ಆಗುತ್ತಿತ್ತು. ಅಪ್ಪ ಮಧ್ಯಾಹ್ನ ಮಲಗಿದ್ದಾಗ ಅದನ್ನು ಒಯ್ದು ಕಾಕಾನ ಕೈಗಿಟ್ಟೆ.

"ಹೊಸದರಂಗ ಆಗಬೇಕ ನೋಡ್ರಿ ಕಾಕಾ."

"ಅಂಗಡ್ಯಾಗಿಂದಕ್ಕಿಂತ ಛಲೋ ಮಾಡ್ತೇನಿ, ತಗೋ."

ಅಪ್ಪನಿಗೆ ರಿಪೇರಿಗೆ ಕೊಟ್ಟಿದ್ದೇನೆ ಎಂದು ಸುಳ್ಳು ಹೇಳಿದೆ. ಕಣ್ಣು ಕಾಣದವರ ಕೈಯಲ್ಲಿನ ವಸ್ತುವಿಗೆ, ನೋಡಲು ಬರುವವರ ಸಲುವಾಗಿ ಬಣ್ಣ ಹೊಡೆಸಿದವಳು ನಾನು.

ಮೈಗೆ ಕಡುನೀಲಿ, ಗಾಲಿಗೆ ಬೆಳ್ಳಿ ಬಣ್ಣ. ಕಾಕಾ ನಿಜಕ್ಕೂ ಮನಸ್ಸಿಟ್ಟು ಮಾಡಿದ್ದರು. ಅಪ್ಪ ಅದನ್ನು ಕೈಗೆ ತೆಗೆದುಕೊಂಡು ಗಾಲಿ ತಿರುಗಿಸಿದರು. ಮತ್ತೆ ತಿರುಗಿಸಿದರು.

"ಇದು ಯಾರದವಾ?"

"ನಮ್ಮದ ಅಪ್ಪಾ. ಬಣ್ಣ ಹೊಡಸೇನಿ."

"ಹೌದೇನು" ಎಂದು ಅದನ್ನು ಮಡಿಲಲ್ಲಿ ಇಟ್ಟುಕೊಂಡರು. ಆ ಸಂಜೆ ರೇಡಿಯೋ ಹಚ್ಚಲಿಲ್ಲ. ಬಯ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವ್ವ ಒಲೆಯ ಮುಂದೆ ಕುಳಿತು ಆ ಗುಳಿ ಒತ್ತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ನೋಡಿಯೂ ಅದನ್ನು ಒಯ್ದು ಕೊಟ್ಟಿದ್ದೆ.

ಮರುದಿನ ಶೆಡ್ಡಿಗೆ ಓಡಿದೆ. ಕಾಕಾ ಕೈಯಲ್ಲಿದ್ದ ಕೆಲಸ ಬಿಟ್ಟು ಕುಳಿತುಬಿಟ್ಟರು. "ಮೂರು ತೂತ ಇದ್ದವು. ಬೀಡಿ ಬೆಂಕಿ ತಾಗೇತಿ ಅಂತ ತಿಳಕೊಂಡ್ನಿ. ಪುಟ್ಟಿ ಮೆತ್ತಿ ತೂತ ತುಂಬಿ, ಪಾಲಿಶ್ ಕಾಗದಲೆ ತಿಕ್ಕಿ ಬಿಟ್ನಿ" ಎಂದರು. ಆಮೇಲೆ ನನ್ನ ಮುಖ ನೋಡಿ, "ಯಾಕ ಹೇಳಲಿಲ್ಲ ನೀ?" ಎಂದರು. ನಾನು ಬಂದ ದಾರಿಯಲ್ಲೇ ಮನೆಗೆ ತಿರುಗಿದೆ.

ಸಂಜೆ ಅವರೇ ಮನೆಗೆ ಬಂದು ಅಪ್ಪನ ಪಕ್ಕ ಕುಳಿತರು. ನಾನು ಒಳಗೆ ಹೋಗಿ ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಇಬ್ಬರೂ ಸುಮ್ಮನಾಗಿದ್ದರು. ನನ್ನ ಹೆಜ್ಜೆ ಕೇಳಿ ಕಾಕಾ, "ತಪ್ಪು ನಂದರಿ ಮಾಸ್ತರ. ನಾ ಕೇಳಬೇಕಿತ್ತು" ಎಂದರು. ಬೆಳಿಗ್ಗೆ ಯಾಕ ಹೇಳಲಿಲ್ಲ ಎಂದು ನನ್ನನ್ನು ಕೇಳಿದವರು ಈಗ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದರು. ನಾನು ಹೇಳಬೇಕಿತ್ತು ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಚಹಾದ ತಾಟು ಹಿಡಿದು ನಿಂತೆ, ಆಡಲಿಲ್ಲ.

ತುಂಬಿದ್ದನ್ನು ಕೆದಕಿದರೆ ಪ್ಲಾಸ್ಟಿಕ್ಕೇ ಒಡೆಯುತ್ತದೆ ಎಂದರು ಕಾಕಾ. ಅದಕ್ಕೇ ಬೇರೆ ದಾರಿ ಹುಡುಕಿದರು. ಅಪ್ಪ ಕಿವಿಗೊಟ್ಟು ಗಾಲಿ ತಿರುಗಿಸಿ "ಹಾಂ, ಇದು ಧಾರವಾಡ" ಎಂದ ಕಡೆ ಕಡ್ಡಿಯ ತುದಿಯಿಂದ ಒಂದು ಹನಿ ಬಣ್ಣ ಇಟ್ಟರು. ಅದು ಒಣಗಿದ ಮೇಲೆ, ಮರುದಿನ ಬಂದು ಅದರ ಮೇಲೆ ಇನ್ನೊಂದು ಹನಿ. ಹೀಗೆ ಸಂಜೆ ಸಂಜೆ ಬಂದು ಸಾಸಿವೆಯಷ್ಟು ದಪ್ಪದ ಮೂರು ಗುರುತು ಎಬ್ಬಿಸಿದರು. "ಛಲೋ ಆತ್ರಿ ಸಾಬರ" ಎಂದರು ಅಪ್ಪ. ಆದರೆ ಅದಾದ ಮೇಲೆ ರೇಡಿಯೋ ಬಂದ್ ಇದ್ದಾಗ ಅಪ್ಪನ ಬೆರಳು ಗಾಲಿಯ ಮೇಲೆ ಇರುತ್ತಿರಲಿಲ್ಲ.

ನೋಡಲು ಬಂದವರು ರೇಡಿಯೋದತ್ತ ತಿರುಗಿಯೂ ನೋಡಲಿಲ್ಲ. ಸಂಬಂಧ ಕೂಡಿತು, ನಾನು ಸವದತ್ತಿಗೆ ಹೋದೆ. ತವರಿಗೆ ಬಂದಾಗಲೆಲ್ಲ ಕಾಕಾ ಕಣ್ಣು ಮುಚ್ಚಿ ಯಾರದೋ ಮೊಬೈಲನ್ನು ತಡವುತ್ತಿರುವುದು ಕಾಣುತ್ತಿತ್ತು. ನಾನು ರಸ್ತೆಯ ಆಚೆ ಬದಿ ಹಿಡಿದು ಹೋಗುತ್ತಿದ್ದೆ.

ಅಪ್ಪ ಹೋದ ಮೇಲೆ, ಕಾರ್ಯವೆಲ್ಲ ಮುಗಿಸಿ ಹೊರಟ ದಿನ ರೇಡಿಯೋ ಹಿಡಿದು ಶೆಡ್ಡಿಗೆ ಹೋದೆ. ಅಷ್ಟೊತ್ತಿಗೆ ಹೊಸ ಕವಚಗಳೇ ಸಂತೆಯಲ್ಲಿ ಸಿಗುತ್ತಿದ್ದವು. ತಂತಿ ಖಾಲಿ ಇತ್ತು. ಕಾಕಾ ರೇಡಿಯೋ ಇಸಕೊಂಡು ಕಣ್ಣು ಮುಚ್ಚಿದರು. ಬೆರಳು ಗಾಲಿಯ ಮೇಲೆ ನಿಧಾನ ಸರಿಯಿತು.

"ಕಾಕಾ, ಆ ಗುಳಿ ಅವ್ವ ಮಾಡಿದ್ದು ಅಂತ ನನಗ ಗೊತ್ತಿತ್ತು. ತಪ್ಪು ನಂದು."

ಅವರು ಕಣ್ಣು ತೆರೆಯಲಿಲ್ಲ. "ಗೊತ್ತೈತಿ. ಅವತ್ತ ನೀ ಚಾ ಮಾಡಾಕ ಒಳಗ ಹೋಗಿದ್ದಿ. ಮಾಸ್ತರು ನನ್ನ ಕೈ ಹಿಡದ್ರು. ಹುಡುಗಿ ಲಗ್ನಾಗಿ ಹೋಗಾಕಿ, ಇದನ್ನ ಮನಸಿನ್ಯಾಗ ಇಟಗೊಂಡು ಹೋಗೂದು ಬ್ಯಾಡ, ತಪ್ಪು ನಿಮ್ಮದ ಅಂತ ಇರಲಿ ಅಂದ್ರು. ಹೂಂ ಅಂದ್ನಿ."

"ಅಂದ್ರ ಅಷ್ಟು ದಿನಾ ನೀವು ಸುಮ್ನ..."

"ಮೊದಲ ಸುಮ್ನ ಅಂದಿದ್ದು. ಆಮ್ಯಾಲ ಖರೇನ ನಂದ ಆತು. ತಿಕ್ಕಿದ ಕೈ ಇದ ಅಲ್ಲೇನು."

ಕಣ್ಣು ತೆರೆದು ಗಾಲಿಯನ್ನು ಬೆಳಕಿಗೆ ಹಿಡಿದರು. ಅಪ್ಪನ ಬೆರಳು ಸವೆಸಿ ಬೆಳ್ಳಿ ಬಣ್ಣ ಅಲ್ಲಲ್ಲಿ ಹೋಗಿತ್ತು. "ಇದು ಇರಲ್ಯೋ, ಮತ್ತ ಹೊಡೀಲ್ಯೋ?" ಎಂದು ಕೇಳಿದರು.

"ಇರಲಿ ಕಾಕಾ" ಎಂದೆ.

ಮುಂದಿನ ಸಲ ಹೋದಾಗ ಕಾಕಾನೂ ತೀರಿಕೊಂಡಿದ್ದರು, ಶೆಡ್ಡಿಗೆ ಬೀಗ ಬಿದ್ದಿತ್ತು. ಇರಲಿ ಎಂದ ಆ ದಿನ ಅವರು ರೇಡಿಯೋವನ್ನು ಒರೆಸಿ ನನ್ನ ಕೈಗಿಟ್ಟು, ಬಸ್ಸು ಬಂತು ನೋಡು ಎಂದಿದ್ದರು. ಇಬ್ಬರು ಹಿರಿಯರು ಸೇರಿ ನನ್ನ ಹೆಗಲಿನಿಂದ ಇಳಿಸಿಟ್ಟಿದ್ದ ತಪ್ಪನ್ನು ನಾನೇ ಕೇಳಿ ವಾಪಸು ಪಡೆದು ಬಸ್ಸು ಹತ್ತಿದೆ.