ಬೋಟಿನ ಮೂತಿಯಲ್ಲಿ ಕೂತ ನಮ್ಮತ್ತೆ

ನೆಟ್ಟಗಿದ್ದ ಬೋಟಿಗೆ ಬೇಕಂತಲೇ ತೂತು ಕೊರೆಯುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರನ್ನೇ ಮದುವೆಯೂ ಆಗಿದ್ದೇನೆ.

ನಮ್ಮ ಮನೆಯ ಯಾಟ್ ವಿಷಯ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗಾಗಿ ಇನ್ನೊಮ್ಮೆ. ನಮ್ಮನೆಯವರು ನೀರಾವರಿ ಪಂಪ್‌ಹೌಸಿನಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ಬೇರೆಯವರು ರಿಟೈರ್ ಆದಮೇಲೆ ಕಾಶಿಗೆ ಹೋಗುತ್ತಾರೆ. ಇವರು ಕರಾವಳಿಗೆ ಹೋಗಿ, ಯಾರೋ ಬಳಸಿ ಬಿಟ್ಟ ಮೋಟಾರ್ ಯಾಟೊಂದನ್ನು, ಅಂದರೆ ವಿಹಾರದ ಬೋಟೊಂದನ್ನು, ಲಾರಿಯ ಮೇಲೆ ಹೇರಿಕೊಂಡು ಬಂದರು. (ಲಾರಿ ಶಹಾಪುರ ದಾಟುವಾಗ ಜನ ಅದನ್ನು ಚುನಾವಣೆ ಪ್ರಚಾರದ ಗಾಡಿ ಅಂದುಕೊಂಡರಂತೆ.) ಅದೀಗ ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಯ ಹಿನ್ನೀರಿನಲ್ಲಿ ನಿಂತಿದೆ.

ಯಾಟ್ ಹಳೆಯದು, ಎಂಜಿನ್ ಒಂದೇ. ನಡುನೀರಿನಲ್ಲಿ ಬಲು ಜಾಣ. ದಡಕ್ಕೆ ಬಂದಾಗಲೇ ಅದರ ತಕರಾರು. ವೇಗ ಇಳಿಸಿದ ಕೂಡಲೇ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಪಕ್ಕದಿಂದ ಗಾಳಿ ಬೀಸಿತೋ, ಮೂತಿ ಸೀದಾ ಹೋಗಿ ದಡದ ಮೆಟ್ಟಿಲುಗಳ ಕಲ್ಲಿಗೆ ಬಡಿಯುತ್ತದೆ. ಬಡಿಯದಿರಲಿ ಅಂತ ಪ್ರತಿ ಸಲ ಮುಂದಕ್ಕೆ ಓಡಿ, ಬಗ್ಗಿ, ಕೈಯಿಂದ ಕಲ್ಲನ್ನು ಒತ್ತಿ ಹಿಡಿಯುವವನು ನನ್ನ ಮೈದುನ ಮಲ್ಲು.

ಮಲ್ಲು ಶಹಾಪುರದಲ್ಲಿ ಟೇಲರ್. ಕೈಯೇ ಅವನ ಅಂಗಡಿ. ನಾಲ್ಕು ತಿಂಗಳ ಹಿಂದೆ ಆ ಕೈ ಬೋಟಿಗೂ ಕಲ್ಲಿಗೂ ನಡುವೆ ಸಿಕ್ಕಿತು. ಬಲಗೈಯ ಎರಡು ಬೆರಳು ಮುರಿದವು. ಆರು ವಾರ ಪ್ಲಾಸ್ಟರ್. ಹೊಲಿಗೆ ಮಷೀನಿಗೆ ಬಟ್ಟೆ ಹೊದಿಸಿ ಅವನು ಅಂಗಡಿಯಲ್ಲಿ ಸುಮ್ಮನೆ ಕೂತಿದ್ದನ್ನು ನೋಡಿ ಬಂದ ದಿನ ನನಗೆ ಊಟ ಸೇರಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, "ಇನ್ನೊಂದ್ಸಲ ಪೆಟ್ಟಾದ್ರ ಈ ಬೆರಳು ಸೂಜಿ ಹಿಡಿಯಂಗಿಲ್ಲ ನೋಡ್ರಿ" ಅಂದರು. ಅತ್ತೆ ಅವತ್ತೇ ದೊಡ್ಡ ಮಗನನ್ನು, ಅಂದರೆ ನಮ್ಮನೆಯವರನ್ನು, ಎದುರಿಗೆ ಕೂರಿಸಿಕೊಂಡರು.

"ಅದರ ಮೂತಿ ಸರಿ ಮಾಡು, ಇಲ್ಲಾ ಮಾರಿಬಿಡು. ಮಲ್ಲು ಅಂತೂ ಸುಮ್ಮ ಕುಂದ್ರಾಂವಲ್ಲ."

ನಿಜ. ಮಲ್ಲುಗೆ ಬುದ್ಧಿ ಹೇಳಿ ಉಪಯೋಗವಿಲ್ಲ. "ಕಲ್ಲು ಬಂತಂದ್ರ ಕೈ ತಾನಾ ಹೋಗ್ತೈತ್ರಿ ವೈನಿ" ಅನ್ನುತ್ತಾನೆ.

ಹಾಗೆ ನಮ್ಮ ಮನೆಗೆ ಬೋ ಥ್ರಸ್ಟರ್ ಬಂತು. ಹೆಸರು ಕೇಳಿ ಹೆದರಬೇಡಿ. ಬೋಟಿನ ಮೂತಿಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಎಡದಿಂದ ಬಲಕ್ಕೆ ಆರಪಾರ ಒಂದು ಪೈಪು. ಪೈಪಿನೊಳಗೆ ಪುಟ್ಟ ಫ್ಯಾನು. ಸ್ವಿಚ್ ಒತ್ತಿದರೆ ಅದು ನೀರನ್ನು ಒಂದು ಪಕ್ಕಕ್ಕೆ ದೂಡುತ್ತದೆ, ಮೂತಿ ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ. ಮಲ್ಲುವಿನ ಕೈ ಮಾಡುವ ಕೆಲಸವೇ, ಬ್ಯಾಟರಿ ಮೇಲೆ.

ಆರಿಸುವುದಕ್ಕೇ ಒಂದು ತಿಂಗಳು ಹಿಡಿಯಿತು. ಹೊರಗೆ ನೇತುಹಾಕುವಂಥದ್ದೂ ಇದೆಯಂತೆ, ಅದಕ್ಕೆ ದೊಡ್ಡ ತೂತು ಬೇಡ. ಆದರೆ ನಮ್ಮ ಹಿನ್ನೀರಿನ ತಳದಲ್ಲಿ ಮುಳುಗಿದ ಜಾಲಿ ಗಿಡಗಳೆಷ್ಟು, ಮೀನಿನ ಬಲೆಗಳೆಷ್ಟು? ಎರಡೇ ದಿನದಲ್ಲಿ ಕಿತ್ತುಹೋಗುತ್ತಿತ್ತು. ಪೈಪಿನೊಳಗಿನದ್ದೇ ಸೈ ಅಂತಾಯಿತು. ಬಯಲುಸೀಮೆಯ ಗಾಳಿಯನ್ನು ಲೆಕ್ಕಹಾಕಿ, ಕಂಪನಿಯವರು ಹೇಳಿದ್ದಕ್ಕಿಂತ ಒಂದು ಸೈಜು ದೊಡ್ಡದನ್ನೇ ಇವರು ತರಿಸಿದರು. ಮುಂಬೈ ಅಂಗಡಿಯವನು ಫೋನಿನಲ್ಲಿ, ನಿಮ್ಮ ಬೋಟು ಯಾವ ಬಂದರಿನಲ್ಲಿದೆ ಸರ್ ಎಂದು ಕೇಳಿದ. ಇವರು ಸುರಪುರ ಅಂದರು. ಅವನು ಪಿನ್‌ಕೋಡನ್ನು ಎರಡೆರಡು ಸಲ ಕೇಳಿ ಬರೆದುಕೊಂಡ.

ಬೋಟನ್ನು ಟ್ರ್ಯಾಕ್ಟರ್ ಕಟ್ಟಿ ದಡಕ್ಕೆ ಎಳೆಸಿದರು. ಯಾದಗಿರಿಯಿಂದ ಫೈಬರ್ ಕೆಲಸದ ಮೌಲಾಲಿ ಬಂದ. ನೀರಿನ ಟ್ಯಾಂಕು, ಬಸ್ಸಿನ ಬಂಪರು, ಏನು ಒಡೆದರೂ ಜೋಡಿಸುವ ಕುಶಲಿ. ಡ್ರಿಲ್ ಕೈಗೆ ಕೊಟ್ಟರೆ ಎರಡು ಹೆಜ್ಜೆ ಹಿಂದೆ ಸರಿದ.

"ನಾ ತೂತು ಮುಚ್ಚಾಂವ್ರಿ ಸಾಹೇಬ್ರ. ಚೊಲೋ ಇದ್ದ ಬೋಟಿಗಿ ತೂತು ತೆಗಿಯಾಂವಲ್ಲ."

ಕೊನೆಗೆ ಇವರೇ ಕೊರೆದರು. ಆಮೇಲೆ ಮೌಲಾಲಿ ಪೈಪು ಕೂರಿಸಿ, ಸುತ್ತ ಪದರದ ಮೇಲೆ ಪದರ ಫೈಬರ್ ಮೆತ್ತಿ, ಒಂದು ಹನಿ ನೀರು ಒಳಗೆ ಬರದ ಹಾಗೆ ಮಾಡಿದ. ಪೈಪು ನೀರಿನಲ್ಲಿ ಪೂರ್ತಿ ಮುಳುಗಿರಬೇಕು, ಇಲ್ಲದಿದ್ದರೆ ಫ್ಯಾನು ಗಾಳಿ ಎಳೆಯುತ್ತದೆ. ಅದಕ್ಕಾಗಿ ಬೋಟು ತೇಲುತ್ತಿದ್ದಾಗಲೇ ನೀರು ಎಲ್ಲಿಯವರೆಗೆ ಬರುತ್ತದೆಂದು ಇವರು ಗೆರೆ ಹೊಡೆದಿಟ್ಟಿದ್ದರು. ಎಲ್ಲ ಲೆಕ್ಕ ಪಕ್ಕಾ.

ಟ್ರಯಲ್ ದಿನ ಅತ್ತೆ ಪೂಜೆ ಮಾಡಿದರು. ಥ್ರಸ್ಟರ್ ಇರುವುದು ಮೂತಿಯಲ್ಲಿ, ಹಾಗಾಗಿ ಪೂಜೆಯೂ ಮೂತಿಗೇ. ಮೂರು ಬೆರಳಿನ ವಿಭೂತಿ, ಚೆಂಡು ಹೂವು, ಒಂದು ಕಾಯಿ. ಹತ್ತು ಮಂದಿ ನೆಂಟರು ಲೈಫ್ ಜಾಕೆಟ್ ತೊಟ್ಟು ಹತ್ತಿದರು. ಹತ್ತಿದವರೆಲ್ಲ ಹಿಂದಕ್ಕೆ ಹೋಗಿ ಒತ್ತೊತ್ತಿಕೊಂಡು ಕೂತರು. ಮುಂದೆ ಪೂಜೆ ಆಗಿದೆಯಲ್ಲ, ಅಲ್ಲಿ ಕಾಲಿಡಲು ಯಾರಿಗೆ ಧೈರ್ಯ?

ಒಂದು ಸುತ್ತು ಹಾಕಿ ದಡಕ್ಕೆ ಬಂದೆವು. ಗಾಳಿ ಎದ್ದಿತು. ಮೂತಿ ಕಲ್ಲಿನ ಕಡೆ ವಾಲಿತು. ಇವರು ಗತ್ತಿನಿಂದ ಸ್ವಿಚ್ ಒತ್ತಿದರು.

ಗುಡಗುಡ ಗುಡಗುಡ. ಬೋರ್‌ವೆಲ್ಲಿನಲ್ಲಿ ನೀರು ಮುಗಿದಾಗ ಬರುವ ಸದ್ದು. ಮೂತಿ ತಿರುಗಲಿಲ್ಲ.

"ಗಾಳಿ ಎಳಿಯಾಕತ್ತೈತಿ" ಅಂದರು ಇವರು. ಮೂವತ್ತು ವರ್ಷ ಪಂಪು ನೋಡಿದವರಿಗೆ ಆ ಸದ್ದು ಗೊತ್ತಿಲ್ಲದೆ ಇದ್ದೀತೇ? ಗೆರೆ ಹೊಡೆದದ್ದು ಖಾಲಿ ಬೋಟಿಗೆ. ಈಗ ಹತ್ತು ಮಂದಿ ಹಿಂದೆ ಕೂತು ಹಿಂಭಾಗ ತಗ್ಗಿದೆ, ಮೂತಿ ಮೇಲೆದ್ದಿದೆ, ಪೈಪು ಅರ್ಧ ಹೊರಗೆ.

ಮಲ್ಲು ಎದ್ದ. ನಾನು ಅಂಗಿ ಹಿಡಿದೆ, ಕೊಸರಿಕೊಂಡ. ಬಲಗೈ ಆಗಲೇ ಮುಂದಕ್ಕೆ ಚಾಚಿತ್ತು. ಆ ಎರಡು ಬೆರಳು ಇನ್ನೂ ಸಣ್ಣಗೆ, ಬೆಳ್ಳಗೆ ಇದ್ದವು.

ಅಷ್ಟರಲ್ಲಿ ಅವನಿಗಿಂತ ಮುಂಚೆ ಅತ್ತೆ ಕಂಬಿ ಹಿಡಿದು ಮುಂದಕ್ಕೆ ಹೋಗಿದ್ದರು. ತಾವೇ ಬಳಿದ ವಿಭೂತಿಯ ಮೇಲೆ, ತಾವೇ ಇಟ್ಟ ಹೂವಿನ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಮಲ್ಲುವಿನ ಬಲಗೈ ಮಣಿಕಟ್ಟನ್ನು ಹಿಡಿದು ಮಡಿಲಲ್ಲಿ ಒತ್ತಿಕೊಂಡರು.

"ಎಲ್ಲಾರೂ ಮುಂದ ಬರ್ರಿ."

ಯಾರೂ ಅಲುಗಲಿಲ್ಲ. "ಪೂಜಿ ಮಾಡಿದ ಜಾಗಾ ಐತ್ರಿ ಯವ್ವಾ" ಅಂತ ಯಾರೋ ಗೊಣಗಿದರು.

"ದೇವ್ರು ಜರುಗಿ ಜಾಗಾ ಕೊಡ್ತಾನ. ಇವನ ಕೈ ಮುರಿದ್ರ ಅಂಗಡ್ಯಾಗ ಯಾರು ಕುಂದ್ರಾವ್ರು, ನೀವೇನು? ಬರ್ರಿ ಅಂದ್ರ ಬರ್ರಿ."

ಬಂದರು. ಒಬ್ಬೊಬ್ಬರಾಗಿ ಬಂದು ಅತ್ತೆಯ ಸುತ್ತ ಕೂತರು. ಮೂತಿ ಕೆಳಗಿಳಿಯಿತು. ಗುಡಗುಡ ನಿಂತು, ಫ್ಯಾನು ಗಟ್ಟಿಯಾಗಿ ಗುಂಯ್ ಅಂದಿತು. ಕಲ್ಲು ಗೇಣು ದೂರದಲ್ಲಿತ್ತು. ಆಮೇಲೆ ಮೊಳ ದೂರವಾಯಿತು. ಬೋಟು ಮೆಟ್ಟಿಲಿಗೆ ಸಮವಾಗಿ, ಸದ್ದಿಲ್ಲದೆ ಬಂದು ನಿಂತಿತು. ನಾನು ಅತ್ತುಬಿಟ್ಟೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಎಲ್ಲರೆದುರು ಜೋರಾಗಿಯೇ ಅತ್ತದ್ದು. ಎಂಥ ಹಗುರ ಅದು, ಹೇಳತೀರದು.

ಮರುವಾರ ಇವರು ಬ್ಯಾಟರಿಗಳನ್ನೂ ಲಂಗರಿನ ಸರಪಳಿಯನ್ನೂ ಹಿಂದಿನಿಂದ ತೆಗೆದು ಮೂತಿಗೆ ಸಾಗಿಸಿದರು. ಪೂಜೆ ಕ್ಯಾಬಿನ್ ಬಾಗಿಲಿಗೆ ವರ್ಗವಾಯಿತು. "ಬೋಟಿನ ಲೆಕ್ಕ ಹಿಡಿದಿದ್ದೆ, ನಮ್ಮ ಮಂದೀದು ಹಿಡಿದಿರಲಿಲ್ಲ" ಅಂತ ಒಪ್ಪಿಕೊಂಡರು. (ಗಂಡಸರು ಇಷ್ಟು ಒಪ್ಪಿಕೊಳ್ಳುವುದೇ ಅಪರೂಪ. ಈ ಸಾಲನ್ನು ಕತ್ತರಿಸಿ ಇಟ್ಟುಕೊಳ್ಳಿ.)

ನಮ್ಮ ಮಂದಿಯ ರೂಢಿಯೇ ಹೀಗಲ್ಲವೇ? ಯಾದಗಿರಿಯ ಯಾವ ಕಲ್ಯಾಣ ಮಂಟಪಕ್ಕಾದರೂ ಹೋಗಿ. ಮುಂದಿನ ಸಾಲಿನ ಸೋಫಾಗಳು ಖಾಲಿ, ಹಿಂದೆ ನಿಲ್ಲಲು ಜಾಗವಿಲ್ಲ. ಶಾಲೆಯ ಮೀಟಿಂಗಿನಲ್ಲೂ ತಾಯಂದಿರೆಲ್ಲ ಕೊನೆಯ ಬೆಂಚಿಗೆ. ಮರ್ಯಾದೆಗೆಂದು ಮುಂದಿನ ಜಾಗ ಬಿಡುತ್ತೇವೆ, ಆಮೇಲೆ ಯಾವುದೂ ನಾವು ಹೇಳಿದ ಕಡೆ ತಿರುಗುವುದಿಲ್ಲ ಎಂದು ಗೊಣಗುತ್ತೇವೆ. ನಾನೂ ಅದರಲ್ಲಿ ಒಬ್ಬಳು.

ಮೊನ್ನೆ ಭಾನುವಾರ ಮತ್ತೆ ಹೋಗಿದ್ದೆವು. ಗಾಳಿ ಜೋರಿತ್ತು. ಅತ್ತೆ ಮುಂದೆಯೇ ಕೂತಿದ್ದರು. ಕಲ್ಲು ಹತ್ತಿರ ಬರುತ್ತಲೇ ಮಲ್ಲು ಎದ್ದ. ನಾನು ಅವನ ಅಂಗಿಗೆ ಕೈ ಚಾಚಿದೆ. ಅವನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡು ಮತ್ತೆ ಕೂತ.

ಪ್ಯಾಂಟು ಹೊಸದು, ಹೋದ ವಾರ ಅವನೇ ಹೊಲಿದದ್ದು.