ಪುತಳಾಬಾಯಿಯ ಆರಾಮ

ಭಾಲ್ಕಿಯ ಬೇಳೆ ಗಿರಣಿಯಲ್ಲಿ ನಾನು ಆಳುಗಳ ಮೇಲೆ ಮುಕಾದಮನಾಗಿದ್ದ ಇಪ್ಪತ್ತೆರಡು ವರ್ಷ ದುಃಖ ಎಂಬುದು ಗೇಟು ದಾಟಿ ಒಳಗೆ ಬರಲಿಲ್ಲ. ನನ್ನ ಮುಖ ಕಂಡರೆ ಅದು ಅಲ್ಲಿಂದಲೇ ಔರಾದದ ಬಸ್ಸು ಹಿಡಿಯುತ್ತಿತ್ತು. ಆಳುಗಳ ನೋವು ಅವರಿಗೆ ಗೊತ್ತಾಗುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಕೆಲವರಿಗೆ ನಾನೇ ಹೋಗಿ ತಿಳಿಸಬೇಕಾಗುತ್ತಿತ್ತು.

ಪುತಳಾಬಾಯಿ ಖಟಕ ಚಿಂಚೋಳಿಯವಳು. ಹತ್ತೊಂಬತ್ತು ವರ್ಷ ಮುಂಜಾನೆಯ ಬಸ್ಸಿಗೆ ಬಂದು, ಪಾಲಿಶ್ ಖೋಲಿಯಲ್ಲಿ ಯಂತ್ರದ ಬಾಯಿಗೆ ಬೇಳೆ ಸುರಿದವಳು. ಆ ಖೋಲಿಯ ಧೂಳು ಎಂಥದೆಂದರೆ, ಒಳಗೆ ಹೊಕ್ಕ ಕಾಗೆ ಗುಬ್ಬಿಯ ಬಣ್ಣದಲ್ಲಿ ಹೊರಗೆ ಬರುತ್ತಿತ್ತು. ಮೂರು ವರ್ಷದಿಂದ ಅವಳಿಗೆ ಕೆಮ್ಮು. ಅವಳು ಭಾಲ್ಕಿಯಲ್ಲಿ ಕೆಮ್ಮಿದರೆ ಬೀದರ ಕೋಟೆಯ ಪಾರಿವಾಳಗಳು ಎದ್ದು ಹಾರುತ್ತಿದ್ದವು. ನನಗೆ ಮಾತ್ರ ಕೇಳಿಸುತ್ತಿರಲಿಲ್ಲ. ಯಂತ್ರದ ಸಪ್ಪಳ ಬಹಳ ಇತ್ತು ಎಂದು ಇಟ್ಟುಕೊಳ್ಳಿ.

ಹೋದ ವರ್ಷ ನಮ್ಮ ಸಾವಕಾರ ಭಾಲಚಂದ್ರ ಪುಣೆಯಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದರು. ಆಳುಗಳು ಸುಖವಾಗಿದ್ದರೆ ಗಿರಣಿ ಸುಖವಾಗಿರುತ್ತದೆ ಎಂದು ಅಲ್ಲಿ ಹೇಳಿದ್ದರಂತೆ. ನನ್ನ ಕೈಗೆ ಫಾರಂಗಳ ಕಟ್ಟು ಕೊಟ್ಟು, ಎಲ್ಲರನ್ನೂ ಕೇಳಿ ತುಂಬಿಕೊಂಡು ಬಾ ಎಂದರು. ಅರವತ್ತು ಜನರ ಸುಖದುಃಖವನ್ನು ನಾನು ಒಂದು ಕಪ್ ಚಹಾ ಆರುವುದರೊಳಗೆ ವಿಚಾರಿಸಿ ಮುಗಿಸಿದೆ.

“ಪುತಳಾಬಾಯಿ, ಆರಾಮ ಇದ್ದೀ?”

“ಆರಾಮ ಇದ್ದೇನ್ರಿ. ನೀವು?”

ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಅಂದಳು. ನಾನು ‘ಆರಾಮ’ ಎಂದು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಮುಂದೆ ನಡೆದೆ.

ಎರಡು ತಿಂಗಳ ಮೇಲೆ ಅವಳು ಬೀದರದ ಡಾಕ್ಟರ ಚೀಟಿ ಹಿಡಿದು ಸಾವಕಾರರ ಮುಂದೆ ನಿಂತಳು.

“ಸಾವಕಾರ್ರ, ಧೂಳಿನಾಗ ಇನ್ನ ನಿಂದ್ರಬ್ಯಾಡ ಅಂದಾರ್ರಿ. ಚೀಲಾ ಹೊಲಿಯೋ ಕಡಿ ಹಾಕ್ರಿ. ಇಲ್ಲಂದ್ರ ಉಸರು ನಿಂತು ಹೋಗ್ತದ್ರಿ.”

ಸಾವಕಾರರು ಕಪಾಟಿನಿಂದ ಫಾರಂ ತೆಗೆದರು. “ಇದು ನಿಂದೇ ಹೆಬ್ಬಟ್ಟಲ್ಲಾ? ಆರಾಮ ಇದ್ದೇನಿ ಅಂತ ನೀನೇ ಹೇಳೀದಿ. ಅಂದ ಮ್ಯಾಲ ಈ ಕೆಮ್ಮು ಗಿರಣಿದಲ್ಲ, ನಿನ್ನ ಮನಿದು. ಒಬ್ಬಾಕಿಗಿ ಜಾಗಾ ಬದಲಿ ಮಾಡಿದ್ರ ನಾಳಿ ಅರವತ್ತೂ ಮಂದಿ ಕೆಮ್ತಾರ. ಪಾಲಿಶ್ ಖೋಲಿ ಬ್ಯಾಡಂದ್ರ ಗಿರಣಿನೂ ಬ್ಯಾಡ.”

ಅವಳು ನನ್ನ ಕಡೆ ನೋಡಿದಳು. ನಾನು ಛಾವಣಿಯ ತಗಡು ಎಣಿಸಿದೆ. ಹದಿನಾಲ್ಕು ಇದ್ದವು.

ಚೀಟಿ ಮಡಚಿಕೊಂಡು, ಬುತ್ತಿಯ ಡಬ್ಬಿ ಎತ್ತಿಕೊಂಡು ಅವಳು ಹೊರಟೇಬಿಟ್ಟಳು. ನಾನು ಗೇಟಿನವರೆಗೆ ಹಿಂದೆ ಓಡಿದೆ. ಕ್ಷಮೆ ಕೇಳಲಿಕ್ಕಲ್ಲ, ಆ ಅಭ್ಯಾಸ ನನಗಿರಲಿಲ್ಲ.

“ನಿಂದೂ ತಪ್ಪದ ಪುತಳಾಬಾಯಿ. ಅವತ್ತು ನಾ ಕೇಳಿದಾಗ ಖರೇ ಹೇಳಬೇಕಿತ್ತು.”

ಅವಳು ಕಂಬ ಹಿಡಿದು, ಕೆಮ್ಮು ಮುಗಿಯುವವರೆಗೆ ನನ್ನನ್ನು ಕಾಯಿಸಿದಳು.

“ನೀವು ನಡಕೋತ ಕೇಳಿದ್ರಿ, ಮುಕಾದಮ್ರ. ನಡಕೋತ ಕೇಳ್ದೋರಿಗಿ ನಾವು ಆರಾಮ ಅಂತೇವಿ. ಕುಂತು ಕೇಳ್ದೋರಿಗಿ ಖರೇ ಹೇಳ್ತೇವಿ. ಹತ್ತೊಂಬತ್ತು ವರ್ಷದಾಗ ಯಾವಾಗರೆ ಕುಂತೀರೇನ್ರಿ?”